ಕಡ್ಡಾಯವಿಲ್ಲದ ಒಪ್ಪಂದದಿಂದ ಹಸಿರುಮನೆ ಅನಿಲ ಇಳಿಯುತ್ತದಾ? ಅಮೆರಿಕದ ಅನುಭವ ಗೊತ್ತಿರುವವರು ಹೇಳಿ

ಪೀಣ್ಯ_ಕುಲುಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯದಲ್ಲಿ ಅಲ್ಯೂಮಿನಿಯಂ ಡೈ ಕಾಸ್ಟಿಂಗ್ ಘಟಕ. ದೊಡ್ಡದೇನಲ್ಲ. ಕರಗಿಸುವ ಕುಲುಮೆ ಒಂದು, ಕೆಲವು ಮಷಿನ್, ಎರಡು ಕಂಪ್ರೆಸರ್. ಇತ್ತೀಚೆಗೆ ಒಂದು ಸಭೆಗೆ ಕರೆದಿದ್ದರು. ಸರ್ಕಾರದ ಕಡೆಯವರೂ ಇದ್ದರು, ನಮ್ಮಂಥ ಉದ್ಯಮದವರೂ ಇದ್ದರು. ಹಸಿರುಮನೆ ಅನಿಲ ಇಷ್ಟು ಇಳಿಸುತ್ತೇವೆ ಎಂದು ಒಂದು ಹಾಳೆಗೆ ಸಹಿ ಹಾಕಬೇಕಂತೆ. ಕಡ್ಡಾಯ ಇಲ್ಲ, ದಂಡ ಇಲ್ಲ. ವರ್ಷಕ್ಕೊಂದು ವರದಿ ಕೊಟ್ಟರೆ ಸಾಕು. ಪ್ರಮಾಣಪತ್ರ ಕೊಡುತ್ತಾರೆ, ಲೋಗೊ ಬಳಸಿಕೊಳ್ಳಬಹುದು.

ಪರದೆಯ ಮೇಲೆ ಒಂದು ಸಾಲು ತೋರಿಸಿದರು. ಅಮೆರಿಕದಲ್ಲಿ 1990ರ ದಶಕದಿಂದಲೂ ಸರ್ಕಾರ ಮತ್ತು ಕಂಪನಿಗಳು ಹೀಗೆ ಕೈಜೋಡಿಸಿ ಗೆದ್ದಿವೆ ಅಂತ. ನನಗೆ ಬೇಕಾಗಿರುವುದು ಆ ಸಾಲಿನ ಬಗ್ಗೆ. ನಿಜವಾಗಿ ಗೆದ್ದಿದ್ದಾರಾ? ಎಷ್ಟು? ಇಲ್ಲಿ ಹೊರಗಿರುವವರು ಜಾಸ್ತಿ ಇದ್ದೀರಿ, ಸ್ವಲ್ಪ ಬಿಡಿಸಿ ಹೇಳಿ. ಸಹಿ ಹಾಕಲು ಇನ್ನೂ ಸಮಯ ಇದೆ.

ಕಹಿಬೇವು

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಷ್ಟೇ ಸರ್. ಸರ್ಕಾರಕ್ಕೆ ಏನೋ ಮಾಡಿದೆವು ಅಂತ ಹೇಳಿಕೊಳ್ಳಲು ಒಂದು ಫೋಟೊ, ಕಂಪನಿಗೆ ಬಾಗಿಲಲ್ಲಿ ತೂಗುಹಾಕಲು ಒಂದು ಫ್ರೇಮ್. ಹೊಗೆ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.

ವನಜಾ_ಆರೆಗಾನ್

ಕಹಿಬೇವು ಅವರೇ, ಒಂದೇ ಏಟಿಗೆ ತಳ್ಳಿಹಾಕಬೇಡಿ. ನಾನು ಇಲ್ಲಿ ಚಿಪ್ ತಯಾರಿಸುವ ಫ್ಯಾಬ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ನಮ್ಮ ಉದ್ಯಮದ ಕಥೆ ಬೇರೆ ಇದೆ.

ಚಿಪ್ ಮಾಡುವಾಗ ಸಿಲಿಕಾನ್ ಬಿಲ್ಲೆಯ ಮೇಲೆ ಪದರ ಕೂರಿಸುವ ಕೋಣೆಗಳಿರುತ್ತವೆ. ಅವುಗಳ ಗೋಡೆಗೆ ಕಸ ಕಟ್ಟುತ್ತದೆ. ಅದನ್ನು ತೊಳೆಯಲು ಫ್ಲೋರಿನ್ ಇರುವ ಅನಿಲಗಳನ್ನು ಬಿಡುತ್ತಾರೆ. ಸಿಎಫ್4, ಸಿ2ಎಫ್6 ಅಂಥವು. ಇವು ವಾತಾವರಣಕ್ಕೆ ಸೇರಿದರೆ ಮುಗಿಯಿತು, ಸಿಎಫ್4 ಸುಮಾರು 50,000 ವರ್ಷ ಅಲ್ಲೇ ಇರುತ್ತದೆ. ಶಾಖ ಹಿಡಿಯುವುದರಲ್ಲಿ ಒಂದು ಟನ್ ಸಿಎಫ್4 ಸಾವಿರಾರು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ.

1996ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮತ್ತು ಚಿಪ್ ಕಂಪನಿಗಳು ಒಂದು ಸ್ವಇಚ್ಛೆಯ ಒಪ್ಪಂದ ಮಾಡಿಕೊಂಡವು. 1999ರಲ್ಲಿ ಜಗತ್ತಿನ ಚಿಪ್ ಉದ್ಯಮದ ಒಕ್ಕೂಟವೇ ಒಂದು ಗುರಿ ಇಟ್ಟುಕೊಂಡಿತು. 1995ರ ಮಟ್ಟಕ್ಕಿಂತ ಶೇ. 10 ಕಡಿಮೆ, ಅದೂ 2010ರೊಳಗೆ. ಕೊನೆಗೆ ಇಳಿದದ್ದು ಶೇ. 32. ಗಮನಿಸಿ, ಆ ಅವಧಿಯಲ್ಲಿ ಚಿಪ್ ಉತ್ಪಾದನೆ ಎಷ್ಟು ಪಟ್ಟು ಬೆಳೆಯಿತು ಅಂತ ಎಲ್ಲರಿಗೂ ಗೊತ್ತು. ಒಂದು ಚಿಪ್‌ಗೆ ಇಷ್ಟು ಅನ್ನುವ ಲೆಕ್ಕ ಅಲ್ಲ ಇದು, ಒಟ್ಟು ಮೊತ್ತವೇ ಇಳಿದದ್ದು. ದಂಡ ಇರಲಿಲ್ಲ, ಕಾನೂನೂ ಇರಲಿಲ್ಲ.

ಕಹಿಬೇವು

ಹೇಗೆ ಇಳಿಯಿತು ಅಂತಲೂ ಹೇಳಿ ಮೇಡಂ. ಅಲ್ಲೇ ಇರುತ್ತದೆ ಗುಟ್ಟು.

ವನಜಾ_ಆರೆಗಾನ್

ಹೇಳುತ್ತೇನೆ. ಹಳೆಯ ಪದ್ಧತಿಯಲ್ಲಿ ಸಿ2ಎಫ್6 ಬಿಟ್ಟರೆ ಅದರಲ್ಲಿ ಬಹುಪಾಲು ಕೆಲಸವನ್ನೇ ಮಾಡದೆ ಹಾಗೇ ಚಿಮಣಿಗೆ ಹೋಗುತ್ತಿತ್ತು. ದುಡ್ಡು ಕೊಟ್ಟು ತಂದ ಅನಿಲ. ಆಮೇಲೆ ಎನ್ಎಫ್3 ಬಂತು. ಅದನ್ನು ಕೋಣೆಯ ಹೊರಗೇ ಪ್ಲಾಸ್ಮಾದಲ್ಲಿ ಒಡೆದು ಒಳಗೆ ಬಿಡುತ್ತಾರೆ. ಹೆಚ್ಚುಕಡಿಮೆ ಪೂರ್ತಿ ಒಡೆಯುತ್ತದೆ. ಎನ್ಎಫ್3 ಕೂಡ ಸಾಧು ಅನಿಲ ಅಲ್ಲ, ಶಾಖ ಹಿಡಿಯುವುದರಲ್ಲಿ ಸಿ2ಎಫ್6ಗಿಂತ ಗಟ್ಟಿಗ. ಆದರೆ ಹೊರಗೆ ಹೋಗುವುದೇ ತೀರಾ ಕಡಿಮೆ. ಜೊತೆಗೆ ತೊಳೆಯುವ ಸಮಯವೂ ಕಡಿಮೆಯಾಯಿತು, ಮಷಿನ್ ಬೇಗ ಕೆಲಸಕ್ಕೆ ಮರಳಿತು.

ನೀವು ಮುಂದೆ ಏನು ಹೇಳುತ್ತೀರಿ ಗೊತ್ತು. "ಲಾಭ ಇತ್ತು, ಅದಕ್ಕೇ ಮಾಡಿದರು" ಅಂತ. ಹೌದು, ಲಾಭ ಇತ್ತು. ಆದರೆ ಆ ಒಪ್ಪಂದ ಇಲ್ಲದಿದ್ದರೆ ಅನಿಲ ಎಷ್ಟು ಹೋಗುತ್ತಿದೆ ಅಂತ ಅಳೆಯುವವರೇ ಇರಲಿಲ್ಲ. ಎದುರಾಳಿ ಕಂಪನಿಗಳ ಇಂಜಿನಿಯರುಗಳು ಒಂದೇ ಕೋಣೆಯಲ್ಲಿ ಕೂತು ಇದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಲೆಕ್ಕಪತ್ರ

ಪೀಣ್ಯದವರ ಪ್ರಶ್ನೆಗೆ ಬರೋಣ. ಒಂದು ಉದ್ಯಮ ಗೆದ್ದಿತು ಅನ್ನುವುದು ಬೇರೆ, ಒಂದು ದೇಶ ಗೆದ್ದಿತು ಅನ್ನುವುದು ಬೇರೆ.

1993ರಲ್ಲಿ ಕ್ಲಿಂಟನ್ ಸರ್ಕಾರ ಬಂದ ಹೊಸದರಲ್ಲಿ ಇಂಧನದ ಮೇಲೆ ತೆರಿಗೆ ಹಾಕಲು ಹೊರಟಿತು. ಬಿಟಿಯು ತೆರಿಗೆ ಅಂತ ಕರೆಯುತ್ತಿದ್ದರು. ಸಂಸತ್ತಿನಲ್ಲಿ ಅದು ಬಿದ್ದುಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಹೊರಬಂತು. ಸುಮಾರು 50 ಕ್ರಮಗಳು, ಹೆಚ್ಚಿನವು ಸ್ವಇಚ್ಛೆಯವು. 2000ನೇ ಇಸವಿಗೆ ದೇಶದ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕೆ ತರುತ್ತೇವೆ ಎಂಬುದು ಗುರಿ. 2000 ಬಂದಾಗ ಇಳಿಯುವುದಿರಲಿ, 1990ಕ್ಕಿಂತ ಶೇ. 10ಕ್ಕೂ ಜಾಸ್ತಿ ಏರಿತ್ತು.

ಅಲ್ಲಿ ದೊಡ್ಡ ಪಾಲು ವಿದ್ಯುತ್ ಸ್ಥಾವರ ಮತ್ತು ವಾಹನಗಳದ್ದು. ಅದನ್ನು ಮುಟ್ಟದೆ ಅಂಚಿನಲ್ಲಿ ಎಷ್ಟು ಗುಡಿಸಿದರೂ ಒಟ್ಟು ಲೆಕ್ಕ ಬದಲಾಗುವುದಿಲ್ಲ. ಸಭೆಯಲ್ಲಿ ತೋರಿಸಿದ ಸಾಲಿಗೆ ನನ್ನ ಉತ್ತರ ಇಷ್ಟು: ಕೆಲವು ಮೂಲೆಗಳಲ್ಲಿ ನಿಜ, ದೇಶದ ಮಟ್ಟದಲ್ಲಿ ಅಲ್ಲ.

ಬಾಲು_ಬಸವನಗುಡಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎನರ್ಜಿ ಸ್ಟಾರ್ ಅಂತ ಬರುತ್ತಿತ್ತಲ್ಲ, ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆಯ ಬಲಗಡೆ ಮೇಲೆ ಒಂದು ಲೋಗೊ. ಸೈಬರ್ ಸೆಂಟರ್‌ನಲ್ಲಿ ದಿನಾ ನೋಡುತ್ತಿದ್ದೆವು. ಅದೂ ಇದೇ ಜಾತಿಯದಾ?

ಲೆಕ್ಕಪತ್ರ

ಅದೇ ಜಾತಿ. ಈ ಕುಟುಂಬದಲ್ಲೇ ಹೆಚ್ಚು ಹೆಸರು ಮಾಡಿದ್ದು ಅದೇ. ಮೊದಲು 1991ರಲ್ಲಿ ಗ್ರೀನ್ ಲೈಟ್ಸ್ ಅಂತ ಶುರುವಾಯಿತು. ಕಂಪನಿಗಳು ತಮ್ಮ ಕಟ್ಟಡದ ದೀಪಗಳನ್ನು ಲಾಭ ಬರುವ ಕಡೆಯಲ್ಲೆಲ್ಲ ಬದಲಿಸುತ್ತೇವೆ ಅಂತ ಇಪಿಎಗೆ ಬರೆದುಕೊಟ್ಟವು. ಮರುವರ್ಷ ಎನರ್ಜಿ ಸ್ಟಾರ್, ಮೊದಲು ಕಂಪ್ಯೂಟರ್ ಮತ್ತು ಮಾನಿಟರ್‌ಗಳಿಗೆ. ಸುಮ್ಮನೆ ಕೂತಾಗ ಯಂತ್ರ ನಿದ್ದೆಗೆ ಹೋಗಬೇಕು, ಅಷ್ಟೇ ಷರತ್ತು.

ಆದರೆ ಅದು ಹರಡಿದ್ದು ಕಂಪನಿಗಳ ಒಳ್ಳೆಯತನದಿಂದ ಅಂದುಕೊಳ್ಳಬೇಡಿ. ಏಪ್ರಿಲ್ 1993ರಲ್ಲಿ ಕ್ಲಿಂಟನ್ ಒಂದು ಆದೇಶ ಹೊರಡಿಸಿದರು. ಕೇಂದ್ರ ಸರ್ಕಾರದ ಕಚೇರಿಗಳು ಕೊಳ್ಳುವ ಕಂಪ್ಯೂಟರ್‌ಗಳು ಎನರ್ಜಿ ಸ್ಟಾರ್ ಆಗಿರಬೇಕು ಅಂತ. ಅಷ್ಟು ದೊಡ್ಡ ಗಿರಾಕಿಯನ್ನು ಯಾರು ಬಿಡುತ್ತಾರೆ? ಸರ್ಕಾರಕ್ಕೆ ಒಂದು ಮಾದರಿ, ಜನರಿಗೆ ಇನ್ನೊಂದು ಮಾದರಿ ಮಾಡುವುದು ದುಬಾರಿ. ಎಲ್ಲರಿಗೂ ಅದನ್ನೇ ಮಾಡಿದರು. ನಿಮ್ಮ ಸೈಬರ್ ಸೆಂಟರ್‌ವರೆಗೂ ಬಂತು.

ಕಾಗದದ ಮೇಲೆ ಸ್ವಇಚ್ಛೆ. ಹಿಂದೆ ನಿಂತಿದ್ದು ಸರ್ಕಾರದ ಜೇಬು.

ಕಹಿಬೇವು

ಇದೇ ಎನರ್ಜಿ ಸ್ಟಾರ್‌ಗೆ 2010ರಲ್ಲಿ ಏನಾಯಿತು ಅಂತ ಹೇಳಲಿಲ್ಲ ನೀವು. ನಾನೇ ಹೇಳುತ್ತೇನೆ.

ಅಲ್ಲಿ ನಮ್ಮ ಸಿಎಜಿ ಥರ ಒಂದು ಸಂಸ್ಥೆ ಇದೆ, ಜಿಎಒ. ಅವರು ನಕಲಿ ಕಂಪನಿಗಳ ಹೆಸರಲ್ಲಿ 20 ನಕಲಿ ಉತ್ಪನ್ನಗಳಿಗೆ ಅರ್ಜಿ ಹಾಕಿದರು. 15ಕ್ಕೆ ಎನರ್ಜಿ ಸ್ಟಾರ್ ಸಿಕ್ಕಿಬಿಟ್ಟಿತು! ಒಂದು, ಪೆಟ್ರೋಲ್‌ನಲ್ಲಿ ಓಡುವ ಅಲಾರಂ ಗಡಿಯಾರ. ಇನ್ನೊಂದು, ರೂಮ್ ಹೀಟರ್‌ಗೆ ಗರಿಯ ಪೊರಕೆ ಸಿಕ್ಕಿಸಿ "ಕೋಣೆ ಶುಚಿ ಮಾಡುವ ಯಂತ್ರ" ಅಂತ ಕಳಿಸಿದ್ದು. ಯಾರೂ ತೆರೆದೂ ನೋಡಿಲ್ಲ.

ನಂಬಿಕೆಯ ಮೇಲೆ ನಡೆಯುವ ಪದ್ಧತಿ ಅಂದರೆ ಇದು ಸ್ವಾಮಿ.

ಬಾಲು_ಬಸವನಗುಡಿ

ಪೆಟ್ರೋಲ್ ಅಲಾರಂ 😂😂 ಬೆಳಗ್ಗೆ ಕಿಕ್ ಹೊಡೆದು ಏಳಬೇಕಾ?

ವನಜಾ_ಆರೆಗಾನ್

ನಿಜ, ಮಾನ ಹರಾಜಾಯಿತು. ಆದರೆ ಅದರ ಮುಂದಿನದನ್ನೂ ಹೇಳಬೇಕಲ್ಲ. 2011ರಿಂದ ಮಾನ್ಯತೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆ ಆಗಿ, ಮೂರನೆಯವರು ದೃಢೀಕರಿಸಿದರೆ ಮಾತ್ರ ಲೋಗೊ ಅಂತ ಮಾಡಿದರು. ಯೋಜನೆಗೆ ಸೇರುವುದು ನಿಮ್ಮ ಇಷ್ಟ. ಸೇರಿದ ಮೇಲೆ ಅಳತೆ ನಿಮ್ಮ ಇಷ್ಟ ಅಲ್ಲ.

ಹ್ಯೂಸ್ಟನ್_ಹಾಸನ

ಎಳೆ ಈಗ ನೋಡಿದೆ. ನನ್ನ ಅನ್ನ ತೈಲ, ಅನಿಲದ್ದು. ಹಾಗಾಗಿ ನ್ಯಾಚುರಲ್ ಗ್ಯಾಸ್ ಸ್ಟಾರ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಓದುವಷ್ಟು ತಾಳ್ಮೆ ಇರಲಿ.

ಅನಿಲ ಸೋರಿಕೆ ತಡೆಯುವ ಈ ಸ್ವಇಚ್ಛೆಯ ಯೋಜನೆಯನ್ನು 1993ರಲ್ಲಿ ಇಪಿಎ ಶುರು ಮಾಡಿತು. ನೈಸರ್ಗಿಕ ಅನಿಲ ಅಂದರೆ ಬಹುಪಾಲು ಮೀಥೇನ್. ಸೋರಿದರೆ ಹವಾಮಾನಕ್ಕೂ ಕೆಟ್ಟದ್ದು, ಮಾರುವ ಸರಕೂ ಗಾಳಿಗೆ ಹೋಯಿತು. ಎರಡೂ ಕಡೆಯವರಿಗೆ ಒಂದೇ ಆಸಕ್ತಿ ಇದ್ದ ಜಾಗ ಇದು.

ಒಂದು ಉದಾಹರಣೆ ಹೇಳುತ್ತೇನೆ. ಬಾವಿಗಳಿರುವ ಕಡೆ ಕರೆಂಟ್ ಇರುವುದಿಲ್ಲ. ವಾಲ್ವ್ ತೆರೆಯಲು, ಮುಚ್ಚಲು ಅನಿಲದ ಒತ್ತಡವನ್ನೇ ಬಳಸುತ್ತಾರೆ. ವಾಲ್ವ್ ನಡೆಸುವ ಆ ಕಂಟ್ರೋಲರ್‌ನಿಂದ ಹಗಲೂ ರಾತ್ರಿ ಒಂದಿಷ್ಟು ಅನಿಲ ಹೊರಗೆ ಹೋಗುತ್ತಲೇ ಇರುತ್ತದೆ. ಗಂಟೆಗೆ 6 ಘನ ಅಡಿಗಿಂತ ಜಾಸ್ತಿ ಬಿಟ್ಟರೆ ಅದು ಹೈ ಬ್ಲೀಡ್. ಅದನ್ನು ಕಿತ್ತು ಲೋ ಬ್ಲೀಡ್ ಹಾಕಿದರೆ ಉಳಿದ ಅನಿಲದಲ್ಲೇ ಖರ್ಚು ಹುಟ್ಟುತ್ತದೆ. ಯಾವ ಕಂಪನಿ ಏನು ಮಾಡಿತು, ಎಷ್ಟು ಖರ್ಚು, ಎಷ್ಟು ದಿನಕ್ಕೆ ವಾಪಸ್ ಬಂತು ಅಂತ ಇಪಿಎ ಸಣ್ಣ ಸಣ್ಣ ಟಿಪ್ಪಣಿ ಮಾಡಿ ಎಲ್ಲರಿಗೂ ಹಂಚಿತು. ಆ ಟಿಪ್ಪಣಿಗಳನ್ನು ಇವತ್ತಿಗೂ ಇಂಜಿನಿಯರುಗಳು ಓದುತ್ತಾರೆ. ನಮ್ಮ ಓಎನ್‌ಜಿಸಿ ಕೂಡ 2007ರಲ್ಲಿ ಇದರ ಅಂತರರಾಷ್ಟ್ರೀಯ ಭಾಗಕ್ಕೆ ಸೇರಿತು.

ಇನ್ನೊಂದು, ನನಗೆ ಹೆಚ್ಚು ಮುಖ್ಯ ಅನ್ನಿಸುವುದು. ಬಂಡೆ ಸೀಳಿ ಬಾವಿ ತೆಗೆದ ಮೇಲೆ ಒಳಗೆ ಬಿಟ್ಟ ನೀರು, ಮರಳು, ಅನಿಲ ಎಲ್ಲ ಒಟ್ಟಿಗೆ ವಾಪಸ್ ಬರುತ್ತದೆ. ಮೊದಲೆಲ್ಲ ಆ ದಿನಗಳಲ್ಲಿ ಅನಿಲವನ್ನು ಹಾಗೇ ಬಿಡುತ್ತಿದ್ದರು, ಇಲ್ಲ ಸುಡುತ್ತಿದ್ದರು. ಕೆಲವು ಕಂಪನಿಗಳು ಗ್ಯಾಸ್ ಸ್ಟಾರ್ ಅಡಿಯಲ್ಲಿ ಬೇರ್ಪಡಿಸುವ ಯಂತ್ರ ತಂದು ನಿಲ್ಲಿಸಿ ಅನಿಲವನ್ನು ಪೈಪಿಗೆ ಸೇರಿಸಿದವು. ಇದಕ್ಕೆ ಗ್ರೀನ್ ಕಂಪ್ಲೀಷನ್ ಅನ್ನುತ್ತಾರೆ. 2012ರಲ್ಲಿ ಇಪಿಎ ಇದನ್ನೇ ನಿಯಮ ಮಾಡಿತು, 2015ರ ಜನವರಿಯಿಂದ ಪೂರ್ತಿ ಜಾರಿ. ಉದ್ಯಮದಲ್ಲಿ ಗೊಣಗಾಟ ಇತ್ತು. ಆದರೆ "ಇದು ಆಗದ ಕೆಲಸ" ಅನ್ನಲು ಯಾರಿಗೂ ಬಾಯಿ ಇರಲಿಲ್ಲ. ಅವರದೇ ಜೊತೆಗಾರರು ಮಾಡಿ, ಖರ್ಚಿನ ಲೆಕ್ಕ ಕೊಟ್ಟಿದ್ದರಲ್ಲ.

ನನ್ನ ಪ್ರಕಾರ ಇಂಥ ಒಪ್ಪಂದದ ನಿಜವಾದ ಉಪಯೋಗ ಇದು. ಮುಂದೆ ಬರುವ ಕಾನೂನಿಗೆ ರಿಹರ್ಸಲ್.

ಕಹಿಬೇವು

ರಿಹರ್ಸಲ್ ಸರಿ. ಆದರೆ 1993ರಿಂದ 2012, ಎಷ್ಟು ವರ್ಷದ ರಿಹರ್ಸಲ್ ಅಣ್ಣಾ? ನಾಟಕ ಯಾವಾಗ?

ಹ್ಯೂಸ್ಟನ್_ಹಾಸನ

ಚುಚ್ಚಿದ್ದು ಸರಿಯಾದ ಜಾಗಕ್ಕೇ. ಇನ್ನೊಂದು ಹುಳುಕನ್ನೂ ನಾನೇ ಹೇಳಿಬಿಡುತ್ತೇನೆ. ಕಂಪನಿಗಳು ವರದಿ ಮಾಡುತ್ತಿದ್ದುದು ತಾವು ಉಳಿಸಿದ್ದನ್ನು. ಬಿಟ್ಟದ್ದನ್ನಲ್ಲ. ಅದೂ ಮೀಟರ್ ಇಟ್ಟು ಅಳೆದು ಅಲ್ಲ, ಇಂಥ ಒಂದು ಸಾಧನಕ್ಕೆ ಸರಾಸರಿ ಇಷ್ಟು ಅಂತ ಗುಣಾಕಾರ ಮಾಡಿ. 2018ರಲ್ಲಿ ವಿಜ್ಞಾನಿಗಳ ಒಂದು ದೊಡ್ಡ ತಂಡ ಅಮೆರಿಕದ ಹಲವು ಕಡೆ ನಿಜವಾಗಿ ಅಳೆದ ಲೆಕ್ಕಗಳನ್ನು ಒಟ್ಟು ಮಾಡಿ ನೋಡಿತು. ತೈಲ, ಅನಿಲ ಉದ್ಯಮದಿಂದ ವರ್ಷಕ್ಕೆ ಸುಮಾರು 1.3 ಕೋಟಿ ಟನ್ ಮೀಥೇನ್ ಹೋಗುತ್ತಿತ್ತು. ತೆಗೆದ ಅನಿಲದ ಶೇ. 2.3. ಇಪಿಎ ಲೆಕ್ಕಕ್ಕಿಂತ ಸುಮಾರು ಶೇ. 60 ಜಾಸ್ತಿ. ಎಲ್ಲೋ ಒಂದು ಟ್ಯಾಂಕಿನ ಮುಚ್ಚಳ ತೆರೆದಿರುತ್ತದೆ, ಎಲ್ಲೋ ಅನಿಲ ಸುಡಬೇಕಾದ ಫ್ಲೇರ್ ಆರಿರುತ್ತದೆ. ಸರಾಸರಿ ಕೋಷ್ಟಕದಲ್ಲಿ ಅದು ಬರುವುದೇ ಇಲ್ಲ.

ಸೋಮಣ್ಣ_ಸ್ಟುಟ್‌ಗಾರ್ಟ್

ಅಮೆರಿಕ ಒಂದೇ ಯಾಕೆ? ಯುರೋಪಿನ ಕಾರುಗಳ ಕಥೆ ಕೇಳಿ, ಇದಕ್ಕಿಂತ ಸ್ವಚ್ಛ ಉದಾಹರಣೆ ಸಿಗುವುದಿಲ್ಲ.

1998ರಲ್ಲಿ ಯುರೋಪಿನ ಕಾರು ತಯಾರಕರ ಸಂಘ ಯುರೋಪಿಯನ್ ಕಮಿಷನ್‌ಗೆ ಮಾತು ಕೊಟ್ಟಿತು. ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡನ್ನು 2008ಕ್ಕೆ ಕಿಲೋಮೀಟರಿಗೆ 140 ಗ್ರಾಂಗೆ ಇಳಿಸುತ್ತೇವೆ ಅಂತ. 1995ರಲ್ಲಿ ಅದು 186ರ ಆಸುಪಾಸು ಇತ್ತು. ಜಪಾನ್, ಕೊರಿಯಾದವರು 2009ಕ್ಕೆ ಅಂತ ಒಪ್ಪಿದರು. ಮೊದಲ ಕೆಲವು ವರ್ಷ ಚೆನ್ನಾಗಿ ಇಳಿಯಿತು, ಡೀಸೆಲ್ ಕಾರು ಜಾಸ್ತಿಯಾದವು. ಆಮೇಲೆ ಕಾರುಗಳು ದಪ್ಪಗಾದವು, ಭಾರವಾದವು, ಇಳಿತ ನಿಧಾನವಾಯಿತು. 2007ರಲ್ಲಿ ಕಮಿಷನ್ ಕೈಚೆಲ್ಲಿತು. ಇದು ಆಗುವುದಿಲ್ಲ, ಕಾನೂನು ತರುತ್ತೇವೆ ಅಂದಿತು. 2008ರ ಸರಾಸರಿ 154 ಗ್ರಾಂ.

2009ರಲ್ಲಿ ಕಾನೂನು ಬಂತು. 2015ಕ್ಕೆ 130 ಗ್ರಾಂ, ಮೀರಿದರೆ ಪ್ರತಿ ಕಾರಿಗೆ ದಂಡ. 2013ರಲ್ಲೇ 127ಕ್ಕೆ ಬಂದುಬಿಟ್ಟಿತು! ಅದೇ ಕಂಪನಿಗಳು, ಅದೇ ಇಂಜಿನಿಯರುಗಳು. ಬದಲಾಗಿದ್ದು ದಂಡದ ಸಾಲು ಮಾತ್ರ.

ಲೆಕ್ಕಪತ್ರ

ಸೋಮಣ್ಣ ಅವರೇ, ಒಂದು ತಿದ್ದುಪಡಿ ಸೇರಿಸಲೇಬೇಕು. ಆ 127 ಲ್ಯಾಬ್‌ನ ಸಂಖ್ಯೆ. ದಂಡ ಬಂದ ಮೇಲೆ ಲ್ಯಾಬ್ ಅಳತೆಗೂ ರಸ್ತೆ ಅಳತೆಗೂ ಅಂತರ ಅಗಲವಾಗುತ್ತಾ ಹೋಯಿತು. ಕಡ್ಡಾಯ ಮಾಡಿದರೂ ಅಳತೆ ಸಡಿಲ ಇದ್ದರೆ ಅಲ್ಲೂ ತೂತು.

ಸೋಮಣ್ಣ_ಸ್ಟುಟ್‌ಗಾರ್ಟ್

ಒಪ್ಪಿದೆ. ಕಾರು ಕಂಪನಿಗಳ ಈ ಊರಲ್ಲಿ ಕೂತು ಅದನ್ನು ಒಪ್ಪದಿರಲು ಆಗುತ್ತದಾ! 2017ರಿಂದ ಪರೀಕ್ಷೆ ಪದ್ಧತಿಯನ್ನೇ ಬದಲಿಸಿದರು.

ಲೆಕ್ಕಪತ್ರ

ಬುಷ್ ಕಾಲದ್ದನ್ನೂ ಹೇಳಿ ನನ್ನ ಪಾಲಿನ ಇತಿಹಾಸ ಮುಗಿಸುತ್ತೇನೆ. 2001ರಲ್ಲಿ ಅವರು, ಶ್ರೀಮಂತ ದೇಶಗಳು ಹೊಗೆ ಇಳಿಸಲೇಬೇಕು ಅನ್ನುವ ಕ್ಯೋಟೊ ಒಪ್ಪಂದದಿಂದ ಹಿಂದೆ ಸರಿದರು. 2002ರ ಫೆಬ್ರವರಿಯಲ್ಲಿ ಬೇರೆ ಗುರಿ ಘೋಷಿಸಿದರು. ಹತ್ತು ವರ್ಷದಲ್ಲಿ ಹೊರಸೂಸುವಿಕೆಯ ತೀವ್ರತೆ ಶೇ. 18 ಇಳಿಯಬೇಕು. ತೀವ್ರತೆ ಅಂದರೆ ಒಂದು ಡಾಲರ್ ಉತ್ಪಾದನೆಗೆ ಎಷ್ಟು ಅನಿಲ ಅಂತ. ಏನೂ ಮಾಡದಿದ್ದರೂ ಶೇ. 14 ಇಳಿಯುತ್ತದೆ ಅಂತ ಅವರದೇ ಸರ್ಕಾರದ ಅಂದಾಜು ಇತ್ತು. ಉಳಿದದ್ದು ಎಷ್ಟು ನೋಡಿಕೊಳ್ಳಿ. ಆರ್ಥಿಕತೆ ಬೆಳೆದರೆ ಒಟ್ಟು ಹೊಗೆ ಏರಿದರೂ ಗುರಿ ಮುಟ್ಟಿದ ಹಾಗೆ.

ಅದೇ ವರ್ಷ ಇಪಿಎಯ ಇನ್ನೊಂದು ಸ್ವಇಚ್ಛೆಯ ಯೋಜನೆ, ಕ್ಲೈಮೇಟ್ ಲೀಡರ್ಸ್, ಶುರುವಾಯಿತು. ದೊಡ್ಡ ದೊಡ್ಡ ಕಂಪನಿಗಳು ಸೇರಿದವು. ಸೇರಿದ ಮೇಲೆ ತಮ್ಮ ಒಟ್ಟು ಲೆಕ್ಕ ತೆಗೆದು ಒಂದು ಗುರಿ ಹಾಕಿಕೊಳ್ಳಬೇಕಿತ್ತು. 2006ರಲ್ಲಿ ಮತ್ತೆ ಅದೇ ಜಿಎಒ ಹೋಗಿ ನೋಡಿದರೆ, ಹಿಂದಿನ ವರ್ಷದ ನವೆಂಬರ್‌ವರೆಗೆ 74 ಕಂಪನಿಗಳಲ್ಲಿ ಗುರಿ ಹಾಕಿಕೊಂಡದ್ದು 38. ಉಳಿದವರು ಲೀಡರ್ಸ್ ಪಟ್ಟಿಯಲ್ಲಿ ಮಾತ್ರ ಇದ್ದರು.

2005ರಲ್ಲಿ ಭಾರತ, ಚೀನಾ, ಜಪಾನ್, ಕೊರಿಯಾ, ಆಸ್ಟ್ರೇಲಿಯಾ ಸೇರಿಸಿಕೊಂಡು ಏಷ್ಯಾ ಪೆಸಿಫಿಕ್ ಪಾಲುದಾರಿಕೆ ಅಂತ ಇನ್ನೊಂದು ಮಾಡಿದರು. ಸಿಮೆಂಟ್, ಉಕ್ಕು, ಅಲ್ಯೂಮಿನಿಯಂಗೆಲ್ಲ ಪ್ರತ್ಯೇಕ ತಂಡ. ಅದನ್ನು ಒಳ್ಳೆಯ ಪ್ರಚಾರದ ಆಟ ಎಂದು ಜರೆದವರು ಬುಷ್ ಪಕ್ಷದವರೇ ಆದ ಸೆನೆಟರ್ ಜಾನ್ ಮೆಕೇನ್. 2011ರಲ್ಲಿ ಸದ್ದಿಲ್ಲದೆ ಮುಚ್ಚಿತು.

ಕಹಿಬೇವು

ನೋಡಿ, ಇದೇ ನನ್ನ ಕೋಪ. ಇಂಥದ್ದೊಂದು ನಡೆಯುತ್ತಿರುವಾಗ ಯಾರಾದರೂ ಕಾನೂನು ಕೇಳಿದರೆ, "ನಾವು ಆಗಲೇ ಮಾಡುತ್ತಿದ್ದೇವಲ್ಲ" ಅನ್ನುತ್ತಾರೆ. ಒಪ್ಪಂದ ಕೆಲಸ ಮಾಡದೆ ಇರುವುದು ಸಣ್ಣ ತೊಂದರೆ. ಕಾನೂನಿನ ಜಾಗದಲ್ಲಿ ಅದು ಕುರ್ಚಿ ಹಾಕಿಕೊಂಡು ಕೂರುವುದು ದೊಡ್ಡ ತೊಂದರೆ.

ವನಜಾ_ಆರೆಗಾನ್

ಆ ಕುರ್ಚಿ ಖಾಲಿ ಇದ್ದಿದ್ದರೆ ಕಾನೂನು ಬಂದು ಕೂರುತ್ತಿತ್ತು ಅಂತ ನಿಮಗೆ ಯಾರು ಹೇಳಿದರು? 1997ರಲ್ಲಿ, ಕ್ಯೋಟೊಗೂ ಮುಂಚೆ, ಅಮೆರಿಕದ ಸೆನೆಟ್ ಒಂದು ನಿರ್ಣಯ ಮಾಡಿತು. ಬೆಳೆಯುತ್ತಿರುವ ದೇಶಗಳಿಗೆ ಕಟ್ಟು ಹಾಕದ ಯಾವ ಒಪ್ಪಂದವೂ ನಮಗೆ ಬೇಡ ಅಂತ. 95ಕ್ಕೆ 0. ಒಬ್ಬರೂ ವಿರೋಧಿಸಲಿಲ್ಲ. ಅಂಥ ಕಾಲದಲ್ಲಿ ಇಪಿಎಯ ಅಧಿಕಾರಿಗಳ ಕೈಯಲ್ಲಿ ಇದ್ದದ್ದು ಇದೊಂದೇ. ಸುಮ್ನೆ ಕೂರುವುದಕ್ಕಿಂತ ಮೀಥೇನ್, ಸಿಎಫ್4 ಆದರೂ ಇಳಿಸೋಣ ಅಂತ ಹೊರಟರು. ಅವರನ್ನು ನಾನು ಬೈಯಲಾರೆ.

ಕಹಿಬೇವು

ಅಧಿಕಾರಿಗಳನ್ನು ನಾನೂ ಬೈಯುತ್ತಿಲ್ಲ. ಅದನ್ನು ಗೆಲುವು ಅಂತ ಪರದೆಯ ಮೇಲೆ ತೋರಿಸುವವರನ್ನು ಬೈಯುತ್ತಿದ್ದೇನೆ. ಇನ್ನೊಂದು ಕೇಳುತ್ತೇನೆ ಮೇಡಂ. 2009ರಲ್ಲಿ ಇಪಿಎ ಕಡ್ಡಾಯ ವರದಿಯ ನಿಯಮ ತಂದಿತು. ವರ್ಷಕ್ಕೆ 25,000 ಟನ್‌ಗಿಂತ ಜಾಸ್ತಿ ಬಿಡುವ ಕಾರ್ಖಾನೆಗಳೆಲ್ಲ ಲೆಕ್ಕ ಕೊಡಬೇಕು. ಲೆಕ್ಕ ಕೊಡಿ ಅನ್ನುವುದಕ್ಕೂ 2009ರವರೆಗೆ ಯಾಕೆ ಕಾಯಬೇಕಿತ್ತು? ಇಳಿಸುವುದು ಸ್ವಇಚ್ಛೆ ಇರಲಿ, ಹೇಳುವುದನ್ನಾದರೂ ಮೊದಲೇ ಕಡ್ಡಾಯ ಮಾಡಬಹುದಿತ್ತಲ್ಲ.

ವನಜಾ_ಆರೆಗಾನ್

ಇದಕ್ಕೆ ನನ್ನ ಹತ್ತಿರ ಜಗಳ ಇಲ್ಲ. ಅಳತೆ ಮೊದಲೇ ಕಡ್ಡಾಯ ಆಗಬೇಕಿತ್ತು.

ಸೇಡಂ_ಸಿಮೆಂಟ್

ಇಷ್ಟೆಲ್ಲ ಹೊರದೇಶದ ಮಾತಾಯ್ತಲ್ರೀ, ನಮ್ಮ ಮನಿದೂ ಒಂದಿಷ್ಟು ನೋಡೋಣು. ನಾನು ಸಿಮೆಂಟ್ ಕಾರ್ಖಾನೆಯಲ್ಲಿ ಎನರ್ಜಿ ನೋಡಿಕೊಳ್ಳುವವನು.

ಬಾಲು ಅವರೇ, ನಿಮ್ಮ ಫ್ರಿಜ್ ಮೇಲೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇಯ ಸ್ಟಾರ್ ಇದೆಯಲ್ಲ, ಅದೂ 2006ರಲ್ಲಿ ಸ್ವಇಚ್ಛೆಯಿಂದಲೇ ಶುರುವಾಗಿದ್ದು. ಫ್ರಾಸ್ಟ್ ಫ್ರೀ ಫ್ರಿಜ್ ಮತ್ತು ಟ್ಯೂಬ್‌ಲೈಟ್ ಮೊದಲು. 2010ರ ಜನವರಿಗೆ ಫ್ರಿಜ್, ಎಸಿ, ಟ್ಯೂಬ್‌ಲೈಟ್‌ಗೆ ಕಡ್ಡಾಯವಾಯಿತು. ಸೀಲಿಂಗ್ ಫ್ಯಾನ್ ಬಹಳ ವರ್ಷ ಸ್ವಇಚ್ಛೆಯಲ್ಲೇ ಇತ್ತು. ಅಂಗಡಿಯಲ್ಲಿ ಸ್ಟಾರ್ ಇರುವ ಫ್ಯಾನ್ ಕೇಳಿದರೆ ಹುಡುಕಬೇಕಿತ್ತು. 2023ರ ಜನವರಿಯಿಂದ ಕಡ್ಡಾಯ ಆಯಿತು, ಈಗ ಎಲ್ಲದರ ಮೇಲೂ ಇದೆ. ಹ್ಯೂಸ್ಟನ್‌ನವರು ಹೇಳಿದ ರಿಹರ್ಸಲ್ ಇಲ್ಲೂ ಆಗಿದೆ ನೋಡ್ರಿ.

ಇನ್ನು ನಮ್ಮ ಕಾರ್ಖಾನೆಗಳದ್ದು. 2012ರಿಂದ ಪ್ಯಾಟ್ ಯೋಜನೆ ಬಂತು. ಇದು ಕಡ್ಡಾಯ. ಮೊದಲ ಸುತ್ತಿನಲ್ಲಿ ಸಿಮೆಂಟ್, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ಕಾಗದ, ಬಟ್ಟೆ ಹೀಗೆ 8 ವಲಯದ 478 ಘಟಕಗಳು. ಒಂದು ಟನ್ ಸಿಮೆಂಟಿಗೆ ಇಷ್ಟೇ ಶಕ್ತಿ ಅಂತ ಗುರಿ. ಗುರಿಗಿಂತ ಜಾಸ್ತಿ ಉಳಿಸಿದರೆ ಸರ್ಟಿಫಿಕೇಟ್ ಸಿಗುತ್ತಿತ್ತು, ಮಾರಬಹುದಿತ್ತು. ಉಳಿಸದವರು ಕೊಳ್ಳಬೇಕಿತ್ತು. ಉಳಿತಾಯದ ಗುರಿ 66.86 ಲಕ್ಷ ಟನ್ ತೈಲಕ್ಕೆ ಸಮನಾದ ಶಕ್ತಿ ಇತ್ತು, ಉಳಿಸಿದ್ದು 86.7 ಲಕ್ಷ ಟನ್. ಗುರಿ ಸಲೀಸಾಗಿತ್ತು ಅನ್ನುವವರೂ ಇದ್ದಾರೆ, ಆ ಮಾತಿನಲ್ಲಿ ಹುರುಳಿದೆ.

ಒಳಗಿದ್ದವನಾಗಿ ನನಗೆ ಕಂಡಿದ್ದು ಬೇರೆ. ಪ್ಯಾಟ್‌ಗೂ ಮುಂಚೆ ನಾನು ಫ್ಯಾನ್‌ಗೆ ಮೋಟಾರಿನ ವೇಗವನ್ನು ಬೇಕಾದಷ್ಟಕ್ಕೆ ಹೊಂದಿಸುವ ವಿಎಫ್‌ಡಿ ಹಾಕೋಣ ಅಂತ ಕಡತ ಕಳಿಸಿದರೆ "ಮುಂದಿನ ವರ್ಷ ನೋಡೋಣ" ಅಂತ ವಾಪಸ್ ಬರುತ್ತಿತ್ತು. ಪ್ಯಾಟ್ ಬಂದ ಮೇಲೆ ಅವರೇ ಫೋನ್ ಮಾಡಿ "ಆ ಕಡತ ಎಲ್ಲಿದೆ" ಅಂತ ಕೇಳಿದರು. ಲಾಭ ಮೊದಲೂ ಇತ್ತು, ಆಗಲೂ ಇತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಪೀಣ್ಯ_ಕುಲುಮೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉದ್ದ ಹೋಗುತ್ತದೆ ಅಂದುಕೊಂಡಿರಲಿಲ್ಲ. ವನಜಕ್ಕ, ಅಲ್ಯೂಮಿನಿಯಂಗೂ ಸಿಎಫ್4ಗೂ ಏನೋ ಸಂಬಂಧ ಇದೆ ಅಂತ ಆ ಸಭೆಯಲ್ಲಿ ಹೇಳಿದರು. ನಮ್ಮ ಕುಲುಮೆಯಲ್ಲೂ ಬರುತ್ತದಾ?

ವನಜಾ_ಆರೆಗಾನ್

ಇಲ್ಲ, ಹೆದರಬೇಡಿ. ಅದು ಅದಿರಿನ ಅಲ್ಯೂಮಿನಾದಿಂದ ಲೋಹ ತೆಗೆಯುವ ಸ್ಮೆಲ್ಟರ್‌ಗಳಲ್ಲಿ. ಅಲ್ಲಿ ತೊಟ್ಟಿಯಲ್ಲಿ ಅಲ್ಯೂಮಿನಾ ಕಡಿಮೆಯಾದರೆ ವೋಲ್ಟೇಜ್ ದಿಢೀರನೆ ಏರುತ್ತದೆ. ಆನೋಡ್ ಎಫೆಕ್ಟ್ ಅನ್ನುತ್ತಾರೆ. ಆಗ ಸಿಎಫ್4 ಹುಟ್ಟುತ್ತದೆ, ಕರೆಂಟೂ ದಂಡ. 1995ರಲ್ಲಿ ಇಪಿಎ ಮತ್ತು ಅಲ್ಯೂಮಿನಿಯಂ ಕಂಪನಿಗಳು ಇದಕ್ಕೂ ಒಂದು ಒಪ್ಪಂದ ಮಾಡಿಕೊಂಡಿದ್ದವು. ಪುಡಿ ಸುರಿಯುವುದನ್ನು ಕಂಪ್ಯೂಟರ್‌ಗೆ ಒಪ್ಪಿಸಿ, ಸ್ವಲ್ಪ ಸ್ವಲ್ಪವೇ ಹಾಕಿದರು, ಚೆನ್ನಾಗಿಯೇ ಇಳಿಯಿತು. ನಿಮ್ಮದು ಬರೀ ಕರಗಿಸಿ ಅಚ್ಚಿಗೆ ಹಾಕುವ ಕೆಲಸ. ನಿಮ್ಮ ಹೊಗೆ ಅಂದರೆ ಇಂಧನ ಮತ್ತು ಕರೆಂಟು.

ಪೀಣ್ಯ_ಕುಲುಮೆ

ಸರಿ ಅಕ್ಕ. ಹಾಗಾದರೆ ಸಹಿ ಹಾಕಲಾ, ಬೇಡವಾ? ಒಬ್ಬೊಬ್ಬರು ಒಂದೊಂದು ಸಾಲಿನಲ್ಲಿ ಹೇಳಿ.

ಕಹಿಬೇವು

ಬೇಡ.

ವನಜಾ_ಆರೆಗಾನ್

ಹಾಕಿ. ಆದರೆ ಅಳತೆ ಮಾಡುವುದಾದರೆ ಮಾತ್ರ.

ಲೆಕ್ಕಪತ್ರ

ಒಂದು ಸಾಲಿನಲ್ಲಿ ನನಗೆ ಬರುವುದಿಲ್ಲ. ಸಹಿಗೆ ಮುಂಚೆ ಅವರನ್ನು ಕೇಳಿ. ಯಾವ ವರ್ಷಕ್ಕೆ ಹೋಲಿಸುತ್ತೀರಿ? ಒಟ್ಟು ಹೊಗೆ ಇಳಿಯಬೇಕಾ, ಒಂದು ಟನ್ ಎರಕಕ್ಕೆ ಇಷ್ಟು ಅಂತಲಾ? ನಾನು ಕೊಟ್ಟ ವರದಿಯನ್ನು ಯಾರಾದರೂ ಬಂದು ನೋಡುತ್ತಾರಾ? ಗುರಿ ಮುಟ್ಟದಿದ್ದರೆ ಲೋಗೊ ವಾಪಸ್ ತೆಗೆದುಕೊಳ್ಳುತ್ತೀರಾ? ಕೊನೆಯದಕ್ಕೆ ಅವರು ತಡವರಿಸಿದರೆ ಉಳಿದ ಮೂರಕ್ಕೂ ಉತ್ತರ ಸಿಕ್ಕಿದ ಹಾಗೆ.

ಇನ್ನೊಂದು. ಯುರೋಪಿಗೆ ಮಾಲು ಕಳಿಸುವ ಗಿರಾಕಿ ನಿಮಗಿದ್ದರೆ, ಇವತ್ತಲ್ಲ ನಾಳೆ ಈ ಲೆಕ್ಕವನ್ನು ಅವರೇ ಕೇಳುತ್ತಾರೆ. ಅಲ್ಯೂಮಿನಿಯಂ ಅಲ್ಲಿನ ಗಡಿ ಇಂಗಾಲ ತೆರಿಗೆಯ ಪಟ್ಟಿಯಲ್ಲಿದೆ. 2023ರ ಅಕ್ಟೋಬರ್‌ನಿಂದಲೇ ವರದಿ ಕೇಳಲು ಶುರು ಮಾಡಿದರು.

ಪೀಣ್ಯ_ಕುಲುಮೆ

ಫೋನ್ ಮಾಡಿ ಕೇಳಿದೆ. ಹೋಲಿಕೆಯ ವರ್ಷ "ನಿಮ್ಮ ಅನುಕೂಲ ನೋಡಿಕೊಳ್ಳಿ" ಅಂದರು. ಒಂದು ಟನ್ ಎರಕಕ್ಕೆ ಇಷ್ಟು ಅನ್ನುವ ಲೆಕ್ಕವಂತೆ. ಬಂದು ನೋಡುವುದು ಸದ್ಯಕ್ಕಿಲ್ಲ. ಲೋಗೊ ವಾಪಸ್ ತೆಗೆಯುವ ಪ್ರಶ್ನೆಗೆ ಆ ಕಡೆಯವರು ನಕ್ಕರು.

ಕಹಿಬೇವು

ನಕ್ಕರಾ! ಪುಣ್ಯವಂತರು.

ಹ್ಯೂಸ್ಟನ್_ಹಾಸನ

ಸಹಿ ಹಾಕಿದರೂ ನಷ್ಟ ಇಲ್ಲ, ಬಿಟ್ಟರೂ ನಷ್ಟ ಇಲ್ಲ ಅನ್ನುವ ಹಾಳೆ ಅದು. ಅದನ್ನು ಬದಿಗಿಟ್ಟು ಭಾನುವಾರ ಒಂದು ಕೆಲಸ ಮಾಡಿ. ಮಷಿನ್‌ಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಿ. ಎಷ್ಟು ಸೆಕೆಂಡ್ ಲೋಡ್ ಆಗಿ ಗಾಳಿ ತುಂಬುತ್ತದೆ, ಎಷ್ಟು ಸೆಕೆಂಡ್ ತುಂಬದೆ ಅನ್‌ಲೋಡ್ ಇರುತ್ತದೆ ಅಂತ ಮೊಬೈಲಿನಲ್ಲಿ ನೋಡಿ ಬರೆದುಕೊಳ್ಳಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ. ಗಾಳಿ ಬಳಸುವ ಮಷಿನ್ ಒಂದೂ ಓಡದಿದ್ದಾಗ ಕಂಪ್ರೆಸರ್ ತುಂಬುತ್ತಿರುವುದೆಲ್ಲ ಬರೀ ಲೀಕ್. ಶೇ. 10ರ ಒಳಗಿದ್ದರೆ ಚೆನ್ನಾಗಿ ನೋಡಿಕೊಂಡಿದ್ದೀರಿ ಅಂತ. ಬಹಳ ಕಡೆ 20, 30 ಬರುತ್ತದೆ.

ಪೀಣ್ಯ_ಕುಲುಮೆ

ಮಾಡಿದೆ. ಸಂಖ್ಯೆ ಇಲ್ಲಿ ಹಾಕಲು ನಾಚಿಕೆ ಆಗುತ್ತಿದೆ, 30ರ ಮೇಲೆ ಇದೆ ಅಂತಷ್ಟೇ ತಿಳಿದುಕೊಳ್ಳಿ. ಎರಡು ಕ್ವಿಕ್ ಕಪ್ಲರ್ ಮತ್ತು ಒಂದು ಹಳೆಯ ಹೋಸ್ ಸದ್ದು ಮಾಡುತ್ತಲೇ ಇದ್ದವು. ದಿನಾ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಹುಡುಗರು ಸೋಪಿನ ನೀರು ಹಿಡಿದು ಇನ್ನೂ ಹುಡುಕುತ್ತಿದ್ದಾರೆ.

ಸಹಿ ಹಾಕುವುದು ಅಂತ ತೀರ್ಮಾನಿಸಿದ್ದೇನೆ. ಹೋಲಿಕೆಯ ವರ್ಷ ಮಾತ್ರ ಈ ವರ್ಷ ಅಂತ ಬರೆಯುತ್ತೇನೆ, ಲೀಕ್ ಕಟ್ಟಿದ ಮೇಲಿನ ಲೆಕ್ಕದಿಂದ. ಕುಲುಮೆಗೆ ಏನು ಅಳೆಯಬೇಕು ಅಂತ ಸೇಡಂನವರು ಹೇಳಿದರೆ ಉಪಕಾರವಾಗುತ್ತದೆ.

ಸೇಡಂ_ಸಿಮೆಂಟ್

ಲೀಕ್ ಕಟ್ಟಿದ ಮೇಲಿನ ಲೆಕ್ಕ ಹಿಡಿದರೆ ನಿಮಗೇ ಬಿಗಿ ಆಗುತ್ತದ್ರೀ, ಗೊತ್ತಿದ್ದೇ ಮಾಡುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಕುಲುಮೆಗೆ ಹೊಸ ಉಪಕರಣ ಏನೂ ಬೇಡ. ಪಾಳಿ ಮುಗಿದಾಗ ಒಂದು ವಹಿಯಲ್ಲಿ ಮೂರು ಕಾಲಂ ಬರೆಸಿ. ಎಷ್ಟು ಕಿಲೋ ಕರಗಿಸಿದಿರಿ, ಎಷ್ಟು ಇಂಧನ ಹೋಯಿತು, ಮುಚ್ಚಳ ಎಷ್ಟು ಹೊತ್ತು ತೆರೆದಿತ್ತು. ಮೂರನೆಯದನ್ನು ಹುಡುಗರು ಅಂದಾಜಿನಲ್ಲಿ ಬರೆಯುತ್ತಾರೆ, ಬರೆಯಲಿ ಬಿಡಿ. ಕಣ್ಣೆದುರು ಕಾಲಂ ಇದ್ದರೆ ಮುಚ್ಚಳ ಬೇಗ ಮುಚ್ಚುತ್ತಾರೆ. ಒಂದು ತಿಂಗಳ ವಹಿ ಆದ ಮೇಲೆ ಬೇರೆ ಎಳೆ ತೆರೆಯಿರಿ, ಸಂಖ್ಯೆ ಇಟ್ಟುಕೊಂಡು ಮಾತಾಡೋಣು.